ಡಾಕ್ಟರಮ್ಮ ಕೂತೇ ಇದ್ದರು

ಗುನುಂಗ್ ಕಿದುಲ್‌ನ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ, ಮುಖಂಡ ಪಾಕ್ ಸಾಸ್ತ್ರೊ ಮನೆಯ ಚಾಪೆಯಿಂದ ಏಳಲು ಹೋದ ಮನೋವೈದ್ಯೆ ಸುಮಿಯಾತಿ, ಬಾಳೆಹಣ್ಣಿನ ಬೋಂಡಾ ತಟ್ಟೆಯೊಳಗೇ ಕೈಯೂರಿ ಬಿದ್ದರು. ಹಿರಿಯರೆದುರು ಕಾಲು ಚಾಚುವಂತಿಲ್ಲ. ಯಜಮಾನ ಕುಡೀರಿ ಅನ್ನುವವರೆಗೆ ಚಹಾ ಮುಟ್ಟುವಂತಿಲ್ಲ, ಕುಡಿಯದೆ ಏಳುವಂತಿಲ್ಲ. ಗಂಟೆಗಟ್ಟಲೆ ಮಡಿಚಿದ್ದ ಕಾಲಿಗೆ ಜೋಮು ಹಿಡಿದಿತ್ತು.

"ತಲೆಗೆ ನೀವಿದ್ದೀರಿ ಬು, ಕಾಲಿಗೆ ಯಾರನ್ನ ಕರೆಸೋಣ?" ಎಂದ ಸಾಸ್ತ್ರೊ. 'ಬು' ಎಂದರೆ ಅಲ್ಲಿ ಅಮ್ಮ.

ಜೊತೆಗಿದ್ದ ಕಿರಿಯ ವೈದ್ಯೆ ಲಿಂತಾಂಗ್ ನಗು ನುಂಗಿಕೊಂಡಳು. ಮನೋವೈದ್ಯಕೀಯ ಓದಿದರೆ ಏನೇನು ಕೆಲಸವಿದೆ ಎಂದು ನೋಡಲು ಬಂದವಳು. ಸುಮಿಯಾತಿ ಮಾಡದ್ದೇನಿತ್ತು? ಜೈಲಿನಲ್ಲಿ ಆರು ವರ್ಷ, ಮಾತು ಬಾರದ ಮಕ್ಕಳ ಶಾಲೆಯಲ್ಲಿ ನಾಲ್ಕು, ಭೂಕಂಪ ಸಂತ್ರಸ್ತರ ಡೇರೆಗಳಲ್ಲಿ ಒಂದು ವರ್ಷ. ಈಗ ಮನೆಯವರೇ ಕಟ್ಟಿಹಾಕಿದ ಮನೋರೋಗಿಗಳನ್ನು ಬಿಡಿಸುವುದು. ಎಲ್ಲೆಡೆ ತೃಪ್ತಿಯೂ ಸಿಕ್ಕಿತ್ತು, ಭಯವೂ. ಯಾವ ಕೋಣೆ ಹೊಕ್ಕರೂ ಮೊದಲು ಹುಡುಕುತ್ತಿದ್ದದ್ದು ಹೊರಬಾಗಿಲನ್ನು. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅವತ್ತು ಕಾರ್ಯೋನ ಸರದಿ. ಹನ್ನೊಂದು ವರ್ಷದ ಹಿಂದೆ ಕುಡುಗೋಲಿನಿಂದ ಅಣ್ಣನ ಭುಜ ಸೀಳಿದವನು. ಅಂದಿನಿಂದ ಅವನ ಕಾಲು ಮರದ ದಿಮ್ಮಿಯ ತೂತಿನಲ್ಲಿ. ನಾಲ್ಕು ತಿಂಗಳ ಔಷಧಿಗೆ ಶಾಂತನಾಗಿದ್ದ. ಚಹಾ ಮುಗಿಸಿ ಮೂವರೂ ಅವನ ಮನೆಗೆ ಹೋದಾಗ ಬೀಗದ ಕೈ ತಾಯಿ ಗಿನೆಮ್‌ಳ ಸೊಂಟದಲ್ಲಿತ್ತು.

"ತೆಗೀತೀನಿ. ಆದ್ರೆ ನೀವು ಅವ್ನ ಎದುರಿಗೇ ಕೂತಿರ್ಬೇಕು ಡಾಕ್ಟರಮ್ಮ. ನೀವೇ ಹೆದರಿ ಎದ್ರೆ ಮತ್ತೆ ಬೀಗ. ಆಮೇಲೆ ನಾನು ಸಾಯೋವರೆಗೂ ತೆಗೆಯಲ್ಲ."

ಸುಮಿಯಾತಿ ಕಾರ್ಯೋನ ಎದುರು ಕಾಲು ಮಡಿಚಿ ಕೂತರು. ಬಾಗಿಲು ಬೆನ್ನ ಹಿಂದೆ.

ದಿಮ್ಮಿ ತೆರೆಯಿತು. ಕಾರ್ಯೋ ಅರ್ಧ ಗಂಟೆ ತನ್ನ ಕಡ್ಡಿಗಾಲುಗಳನ್ನೇ ನೋಡಿದ. ಆಮೇಲೆ ಮೆಲ್ಲಗೆ ತೆವಳಿ, ಗೋಡೆಯ ಬುಡಕ್ಕೆ ಸಿಕ್ಕಿಸಿದ್ದ ಕುಡುಗೋಲಿಗೆ ಕೈ ಹಾಕಿದ. ಹನ್ನೊಂದು ವರ್ಷ ಅವನಿಗೆ ಎಟುಕದಿದ್ದುದನ್ನು ತೆಗೆದಿಡುವ ನೆನಪು ಯಾರಿಗೂ ಆಗಿರಲಿಲ್ಲ.

ಸಾಸ್ತ್ರೊ ಓಡಿದ. ಲಿಂತಾಂಗ್ ಅವನಿಗಿಂತ ಮುಂದೆ ಓಡಿದಳು. ಗಿನೆಮ್ ಬಾಗಿಲಲ್ಲಿ ನಿಂತು ಡಾಕ್ಟರಮ್ಮನನ್ನೇ ನೋಡಿದಳು. ಕುಡುಗೋಲು ಹತ್ತಿರ ಬಂತು. ಡಾಕ್ಟರಮ್ಮನ ಕಣ್ಣು ತಾನೇ ಮುಚ್ಚಿತು. ಆದರೆ ಅವರು ಏಳಲಿಲ್ಲ.

ಕಚಕ್.

ಅವರ ಪಕ್ಕದ ಮೂಲೆಗೆ ಒರಗಿಸಿದ್ದ ಗೊನೆಯಿಂದ ಒಂದು ಚಿಪ್ಪು ಬಾಳೆಹಣ್ಣು ಕೊಯ್ದು, ಕಾರ್ಯೋ ಬಲಗೈಯಲ್ಲಿ ನೀಡಿದ.

"ಮನೆಗೆ ಬಂದವ್ರು ಬರೀ ಬಾಯಲ್ಲಿ ಹೋಗ್ಬಾರ್ದು. ತಗೊಳ್ಳಿ ಬು."

ಗಿನೆಮ್ ಬೀಗವನ್ನು ಬಿದಿರಮೆಳೆಗೆ ಎಸೆದಳು.

ವಾಪಸು ದಾರಿಯಲ್ಲಿ ಲಿಂತಾಂಗ್ ಕೇಳಿದಳು: "ಎದ್ದೇಳದೆ ಹಾಗೆ ಕೂತಿರೋ ಧೈರ್ಯ ಬರೋಕೆ ಎಷ್ಟು ವರ್ಷ ಬೇಕು ಬು?"

ಸುಮಿಯಾತಿ ಮೀನಖಂಡ ನೀವಿಕೊಂಡರು.

"ಎದ್ದು ಓಡೋಕೇ ನೋಡ್ದೆ ಕಣೇ. ಕಾಲು ಮತ್ತೆ ಜೋಮು ಹಿಡಿದಿತ್ತು."