ಹಾಸಿಗೆಯಜ್ಜಿಯ ಮನೆಯ ಹೇಸಿಗೆ

ಅಜ್ಜಿಯ ತಿಥಿಗೆ ಬಾಡಿಗೆ ಹಾಲ್‌ನಲ್ಲಿ ನೆಂಟರಿಷ್ಟರೆಲ್ಲ ಸೇರಿದ್ದರು. ದೊಡ್ಡ ಮಗ ಮೈಕು ಹಿಡಿದು, ತನ್ನ ತಾಯಿ ಹೂವಿನಂಥವಳು, ಯಾರಿಗೂ ಒಂದು ಗಡುಸು ಮಾತು ಆಡಿದವಳಲ್ಲ ಎಂದು ಶುರುಮಾಡಿದ. ಹಿಂದಿನ ಸಾಲಿನಲ್ಲಿ ಗಂಡನ ಪಕ್ಕ ಕೂತಿದ್ದ ಕಿರಿಸೊಸೆ ಹೇಸಿಕೊಂಡು ಮುಖ ತಿರುಗಿಸಿದಳು.

ಅವಳ ಅತ್ತೆ ಹೂವಾಗಿರಲಿಲ್ಲ. ಬೀದಿಯವರೆಲ್ಲ ಆಕೆಯನ್ನು ಹಾಸಿಗೆಯಜ್ಜಿ ಎಂದೇ ಕರೆಯುತ್ತಿದ್ದರು. ಗಾರೆ ಕೆಲಸದ ಗಂಡ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸತ್ತಾಗ ದೊಡ್ಡವನಿಗೆ ಆಗಷ್ಟೇ ಹಾಲುಹಲ್ಲು ಬಿದ್ದಿತ್ತು, ಚಿಕ್ಕವನು ಇನ್ನೂ ಕಂಕುಳಲ್ಲಿದ್ದ. ಅಂದಿನಿಂದ ಆಕೆ ಊರವರ ಹಳೆ ಹಾಸಿಗೆಗಳನ್ನು ತಂದು, ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬಿಸಿಲಿಗೆ ಹರಡಿ, ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತ ಬದುಕಿದಳು.

ಸೊಸೆ ಆ ಮನೆಗೆ ಹೊಸದಾಗಿ ಬಂದಾಗ ಮುಂದಿನ ಕೋಣೆಯ ತುಂಬ ಕಂಡವರ ಹಾಸಿಗೆಗಳೇ. ಹಳದಿ ಕಲೆ, ಕಂದು ಕಲೆ, ಉದುರಿದ ಕೂದಲು, ಹೊಲಿಗೆಯ ಸಂದಿನಲ್ಲಿ ಸಾಲುಗಟ್ಟಿದ ತಗಣೆ. ಮೊದಲ ವಾರವೇ ಒಂದು ತಗಣೆ ಅವಳ ಅನ್ನದ ತಟ್ಟೆಯ ಅಂಚಿನಲ್ಲಿ ನಡೆದುಹೋಯಿತು. ಅವಳು ಊಟ ಬಿಟ್ಟು ಎದ್ದಳು. ಅತ್ತೆ ಬೈಯಲಿಲ್ಲ. ಬೇರೆ ತಟ್ಟೆಗೆ ಬಡಿಸಿ ಹಿತ್ತಲ ಮೆಟ್ಟಿಲಿಗೆ ಕರೆದುಕೊಂಡು ಹೋಗಿ, ತಾನೂ ಅಲ್ಲೇ ಕೂತಳು.

"ಹಾಸಿಗೆಗೂ ಹೇಸಿಗೆಗೂ ಎಷ್ಟು ದೂರ ಹೇಳು? ಒಂದಕ್ಷರ. ನಿಧಾನಕ್ಕೆ ಒಗ್ಗುತ್ತೆ, ಉಣ್ಣು."

ಅಂದಿನಿಂದ ಅತ್ತೆಸೊಸೆಯರ ಊಟ ಆ ಮೆಟ್ಟಿಲ ಮೇಲೇ ಆಯಿತು. ಹಾಸಿಗೆ ನೋಡಿಯೇ ಮನೆಯವರ ಜಾತಕ ಹೇಳುತ್ತಿದ್ದಳು ಅತ್ತೆ. ಮಲಗಿಕೊಂಡೇ ಬಿಸ್ಕತ್ತು ತಿನ್ನುವ ಯಜಮಾನ, ಮದುವೆ ವಯಸ್ಸಿಗೆ ಬಂದರೂ ಉಚ್ಚೆ ಹೊಯ್ಯುವ ಮಗ, ಎರಡು ಅಂಚಿಗೆ ಎರಡು ಗುಳಿ ಬೀಳಿಸಿಕೊಂಡ ಗಂಡಹೆಂಡತಿ. ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. ಮೊಮ್ಮಕ್ಕಳು ಹಿಂಜಿದ ಹತ್ತಿಯ ರಾಶಿಗೆ ಹಾರಿದರೆ ಬಾಯಿಗೆ ಬಂದದ್ದೆಲ್ಲ ಬೈದು, ಆಮೇಲೆ ತಾನೇ ಅವರ ಮೂಗಿನಿಂದ ಹತ್ತಿ ತೆಗೆದು, ಒಬ್ಬೊಬ್ಬರನ್ನೂ ಅದೇ ರಾಶಿಯ ಮೇಲೆ ಮಲಗಿಸಿ ತಟ್ಟುತ್ತಿದ್ದಳು. ಮಕ್ಕಳು ಅಪ್ಪಅಮ್ಮಂದಿರನ್ನು ಬಿಟ್ಟಾರು, ಅಜ್ಜಿಯ ಬೈಗುಳ ಬಿಡುತ್ತಿರಲಿಲ್ಲ.

ದೊಡ್ಡ ಮಗ ಫೋಮ್ ಹಾಸಿಗೆಯ ಶೋರೂಮ್ ಇಟ್ಟ. ಹತ್ತಿ ಹಾಸಿಗೆ ಎಂದರೆ ರೋಗಾಣುವಿನ ಗೂಡು ಎಂದು ಗಿರಾಕಿಗಳಿಗೆ ಹೇಳುತ್ತಾನೆಂಬ ಸುದ್ದಿ ಅತ್ತೆಯ ಕಿವಿಗೂ ಬಿತ್ತು. ಅದೇ ಗೂಡಿನಲ್ಲಿ ಮರಿಯಾದವನು ಅವನು, ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂದು ನಕ್ಕಳು.

ಕೊನೆಗೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಕಿರಿಮಗ ಶಾಲೆಯ ವ್ಯಾನ್ ಓಡಿಸಲು ಹೊರಡುವ ಮುನ್ನ ತಾಯಿಯನ್ನು ಎತ್ತಿ ಮಗ್ಗುಲಾಗಿಸಿ ಹೋಗುತ್ತಿದ್ದ. ಉಳಿದದ್ದೆಲ್ಲ ಸೊಸೆಯ ಪಾಲು. ಮೊದಲ ದಿನ ಬಟ್ಟೆ ಬದಲಿಸುವಾಗ ಅವಳಿಗೆ ತಡೆಯಲಾಗದೆ ವಾಂತಿಯಾಯಿತು. ನಾಚಿಕೆಯಿಂದ ತಲೆ ಎತ್ತದೆ ನಿಂತವಳಿಗೆ ಅತ್ತೆ ಮೆಲ್ಲಗೆ ಹೇಳಿದಳು:

"ಬಕೆಟ್ಟಿಗೆ ಮಾಡ್ಕೊಳ್ಳೇ. ಹಾಸಿಗೆ ಮೇಲೆ ಮಾಡಿದ್ರೆ ಬಿಚ್ಚಿ ಹೊಲಿಯೋಕೆ ನನಗೆ ಏಳಕ್ಕಾಗಲ್ಲ."

ಇಬ್ಬರೂ ನಕ್ಕರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಸೊಸೆಗೆ ಆ ವಾಸನೆ ವಾಸನೆ ಅನ್ನಿಸುವುದು ನಿಂತುಹೋಯಿತು. ದೊಡ್ಡ ಮಗ ರಜೆಯ ದಿನ ಬರುತ್ತಿದ್ದ. ಹೊಸ್ತಿಲಾಚೆ ನಿಂತು, ಮೂಗಿಗೆ ಕರವಸ್ತ್ರ ಒತ್ತಿ ಹಿಡಿದು, ಹೇಗಿದ್ದೀಯಮ್ಮ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅತ್ತೆ ಚಹಾ ಕೇಳಿದಳು. ಸೊಸೆ ಲೋಟ ಹಿಡಿದು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಈಗ ದೊಡ್ಡ ಮಗ ಮೈಕಿನಲ್ಲಿ, ಅಮ್ಮ ಕೊನೆಯ ಉಸಿರಿನವರೆಗೂ ತನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು ಎಂದು ಗದ್ಗದಿಸುತ್ತಿದ್ದ. ಹೆಂಗಸರು ಕಣ್ಣೊರೆಸಿಕೊಂಡರು. ಕಿರಿಮಗ ನೆಲ ನೋಡುತ್ತ ಕೂತ.

ಊಟದ ಹೊತ್ತಿಗೆ ದೊಡ್ಡವನು ತಟ್ಟೆ ಹಿಡಿದು ತಮ್ಮನ ಹೆಂಡತಿಯ ಬಳಿಗೇ ಬಂದ.

"ನೋಡಮ್ಮ, ಅಮ್ಮನ ದಬ್ಬಣ ಮನೇಲಿ ಇರಬೇಕಲ್ಲ, ಹಾಸಿಗೆ ಹೊಲಿಯೋ ದೊಡ್ಡ ಸೂಜಿ. ಅದನ್ನ ಕೊಡು. ಹೊಸ ಹಾಸಿಗೆ ಮಾರ್ಕೆಟ್ಟಿಗೆ ಬಿಡ್ತಿದ್ದೀವಿ, 'ಅಮ್ಮನ ಮಡಿಲು' ಅಂತ ಹೆಸರು. ಶೋರೂಮಲ್ಲಿ ಅಮ್ಮನ ಫೋಟೋ ಕೆಳಗೆ ಗಾಜಿನ ಪೆಟ್ಟಿಗೇಲಿ ಇಡ್ತೀನಿ."

ಅವಳು ತಟ್ಟೆ ಕೆಳಗಿಟ್ಟಳು.

"ದಬ್ಬಣ ಯಾಕೆ ಭಾವ? ಕೊನೆಗೆ ಅತ್ತೆ ದಿನಾ ಬಳಸ್ತಿದ್ದದ್ದು ಬೆಡ್‌ಪ್ಯಾನು. ತೊಳೆದಿಟ್ಟಿದ್ದೀನಿ. ಬೇಕಾದ್ರೆ ಅದನ್ನ ತಗೊಂಡ್ಹೋಗಿ ಇಡಿ."

ಸುತ್ತ ಉಣ್ಣುತ್ತಿದ್ದವರ ಕೈ ನಿಂತವು. ಊಟದ ಹೊತ್ತಿನಲ್ಲಿ ಎಂಥಾ ಹೊಲಸು ಮಾತು ಎಂದು ಮುಖ ಕಿವುಚಿ ಅವನು ಬೇರೆ ಸಾಲಿಗೆ ಹೋದ. ಅವನ ಕೈಯಲ್ಲಿದ್ದ ಕರವಸ್ತ್ರ ಮತ್ತೆ ಮೂಗಿಗೇರಿದ್ದನ್ನು ಅವಳು ನೋಡಿದಳು.

ತಿಂಗಳ ಮೇಲೆ ಅವನ ಮಗಳು ಚಿಕ್ಕಮ್ಮನನ್ನು ಹುಡುಕಿಕೊಂಡು ಬಂದಳು. ಗಾಜಿನ ಪೆಟ್ಟಿಗೆಯಲ್ಲಿರುವ ದಬ್ಬಣ ಪೇಟೆಯಿಂದ ತಂದದ್ದಂತೆ, ಅದಕ್ಕೆ ಅಂಟಿಸಿದ್ದ ಬೆಲೆಚೀಟಿ ಕಿತ್ತವಳು ತಾನೇ ಅಂತೆ.

ಸೊಸೆ ನೋಡದೆ ಇರಲಾರದೆ ಹೋಗಿ ಶೋರೂಮಿನ ಹೊರಗೆ ನಿಂತಳು. ಫೋಟೋದಲ್ಲಿ ಅತ್ತೆಯ ಮುಂದಿನ ಮುರುಕು ಹಲ್ಲನ್ನು ಸರಿಮಾಡಿ, ಮುಖವನ್ನು ಬೆಳ್ಳಗೆ ಮಾಡಿದ್ದರು. ಯಾರೋ ಗಂಡಹೆಂಡತಿ ಹೊಳೆಯುವ ಆ ದಬ್ಬಣದೆದುರು ಬಗ್ಗಿ ಲೊಚಗುಟ್ಟುತ್ತಿದ್ದರು. ಭಾವ ಅವರ ಪಕ್ಕದಲ್ಲಿ ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದ. ಅವಳು ಚರಂಡಿಗೆ ಬಗ್ಗಿ ಉಗಿದು ಮನೆಗೆ ಬಂದಳು.

ಆ ರಾತ್ರಿ ಗಂಡ, ಎಷ್ಟಾದರೂ ಅಣ್ಣನಲ್ಲವೇ, ಸಿಟ್ಟು ಬಿಡು ಎಂದ.

"ಸಿಟ್ಟಾಗಿದ್ರೆ ಇಷ್ಟೊತ್ತಿಗೆ ಆರಿರೋದು," ಎಂದಳು ಅವಳು. "ಇದು ಸಿಟ್ಟಲ್ಲ."

ಮರುವರ್ಷ ಸ್ಮರಣೆಯ ಸಭೆಗೆ ಭಾವನ ಮನೆಯಿಂದ ಕರೆ ಬಂತು. ಅವಳು ಹೋಗಲಿಲ್ಲ. ಗಂಡ ಒಬ್ಬನೇ ಹೋದವನು ಭಾಷಣದ ನಡುವೆಯೇ ಎದ್ದು ಬಂದ. ಕೈಕಾಲು ತೊಳೆದುಕೊಂಡು, ಮನೆಯಲ್ಲಿ ಏನಿದೆಯೋ ಅದನ್ನೇ ಬಡಿಸು ಎಂದ.