ಆಯಿ ಅಂದವಳ ತಲೆಗೆ ಬುಟ್ಟಿ

ನನ್ನ ನೆಗೆಣ್ಣಿ ಸೋಲಾಪುರದ ಮರಾಠಿ ಹುಡುಗಿ. ಕಲಬುರಗಿಯ ಕಪನೂರಿನಲ್ಲಿ ವರ್ಕ್‌ಶಾಪ್ ಇಟ್ಟಿರುವ ನನ್ನ ಮೈದುನನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಕಮಲಾಪುರದ ಅತ್ತೆಯ ಮನೆಗೆ ಮೊದಲ ಸಲ ಹೋದಾಗಲೇ ಹೊಸಿಲಲ್ಲಿ ನಿಂತು ಅತ್ತೆಯನ್ನು 'ಆಯಿ' ಎಂದು ಕರೆದಳು. ನನಗೆ ಒಳಗೊಳಗೇ ಖುಷಿ. ನಮ್ಮಲ್ಲಿ ಆಯಿ ಎಂದರೆ ಅಜ್ಜಿ. ನನ್ನ ಮಗಳು ಅವರನ್ನು ಕರೆಯುವುದೇ ಹಾಗೆ. ಇನ್ನೂ ಕೂದಲಿಗೆ ಬಣ್ಣ ಹಚ್ಚುವವರು, ಸೊಸೆಯ ಬಾಯಲ್ಲಿ ಅಜ್ಜಿಯಾದರೆ ಸುಮ್ಮನಿರುತ್ತಾರೆಯೇ? ಈಗ ಬೀಳುತ್ತದೆ ಬೈಗುಳ ಎಂದು ಕಾದೆ.

ಬೀಳಲಿಲ್ಲ. ಮರಾಠಿಯಲ್ಲಿ ಆಯಿ ಎಂದರೆ ಅವ್ವ ಎಂಬುದು ಅತ್ತೆಗೆ ಗೊತ್ತಿತ್ತು. ಹೆಣ್ಣು ಮಕ್ಕಳಿಲ್ಲದ ಅವರು "ಏನವ್ವಾ" ಎಂದು ಓಗೊಟ್ಟ ದನಿ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಹದಿನಾಲ್ಕು ವರ್ಷದಲ್ಲಿ ಆ ದನಿ ನನಗೆ ಸಿಕ್ಕಿರಲಿಲ್ಲ. ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ಎರಡೇ ಅಕ್ಷರದಲ್ಲಿ ಗೆದ್ದವಳು ಅವಳು.

ಆದರೂ ಎಳ್ಳಮಾವಾಸ್ಯೆ ನನ್ನದೇ ಎಂದುಕೊಂಡಿದ್ದೆ. ಆ ದಿನ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ತುಂಬಿದ ಬುಟ್ಟಿಯನ್ನು ನಮ್ಮ ಮನೆಯಲ್ಲಿ ಹಿರಿಸೊಸೆಯೇ ಹೊತ್ತು ಎಲ್ಲರ ಮುಂದೆ ನಡೆಯಬೇಕು. ಪ್ರತಿ ವರ್ಷ ಕತ್ತು ನೋಯುತ್ತದೆ ಎಂದು ಗೊಣಗಿದವಳೂ ನಾನೇ. ಈ ಸಲ ಮಾತ್ರ ಬೆಳಗ್ಗೆಯೇ ಕಮಲಾಪುರ ಮುಟ್ಟಿ, ಇಳಕಲ್ ಸೀರೆ ಉಟ್ಟು, ಬುಟ್ಟಿಯ ಕೆಳಗಿಡುವ ಸಿಂಬಿಯನ್ನು ನನ್ನ ಕೈಯಾರೆ ಸುತ್ತಿಟ್ಟೆ.

ಅತ್ತೆ ಅದನ್ನು ಎತ್ತಿ ನೆಗೆಣ್ಣಿಯ ತಲೆಯ ಮೇಲಿಟ್ಟರು.

"ಆಯಿ, ಅಕ್ಕ ಹೊರ್ತಾರ ಅಲ್ರೀ?" ಎಂದು ಅವಳೇ ಹಿಂಜರಿದಳು. ಒಳ್ಳೆಯತನ ಬೇರೆ! ನನಗೆ ಇನ್ನಷ್ಟು ಉರಿಯಿತು.

"ಹಿರಿ ಸೊಸಿ ಅಲ್ರೀ ಹೊರೂದು?" ಎಂದೆ.

ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. "ಸೊಸಿ ಅಂತಿ. ಹಂಗಾರ ನಾ ನಿನಗ ಏನಾಗಬೇಕು? ಇಷ್ಟು ವರ್ಷದಾಗ ಒಮ್ಮೆರೆ ಅತ್ತಿ ಅಂತ ಕರದಿ ಏನು? ಬರೇ 'ರೀ' ಅಂತಿ. ಆಕಿ ಬಂದು ಆರು ತಿಂಗಳಾಗಿಲ್ಲ, ಬಾಯಿ ತುಂಬ ಕರೀತಾಳ."

ಹಿರಿಯರಿಗೆ 'ರೀ' ಅನ್ನುವುದೇ ಮರ್ಯಾದೆ ಎಂದು ತವರಿನಲ್ಲಿ ಕಲಿಸಿದ್ದರು.

ಬುಟ್ಟಿ ಮುಂದೆ ಹೋಯಿತು, ಅದರ ಜೊತೆ ಅತ್ತೆ. ನಡುವೆ ನನ್ನ ಗಂಡ, ಮಗಳ ಕೈ ಹಿಡಿದು. ನಾನು ನೀರಿನ ತಂಬಿಗೆ ಹಿಡಿದು ಜೋಳದ ಬದುವಿನ ಮೇಲೆ ಎಲ್ಲರಿಗಿಂತ ಹಿಂದೆ. ಈಗ ಕರೆದೇ ಬಿಡುತ್ತೇನೆ, ಅತ್ತಿ ಅಂತಲೋ ಅವ್ವ ಅಂತಲೋ, ಎಂದು ಗಂಟಲು ಸರಿಮಾಡಿಕೊಂಡೆ.

"ರೀ..." ಎಂದೆ.

ತಿರುಗಿ ನೋಡಿದ್ದು ನನ್ನ ಗಂಡ.