ಬೆಳ್ಳಕ್ಕಿ ವಿಮಾನಕ್ಕೆ ಹಾಸಿದ ಕೌದಿಗಳು

ಊರಲ್ಲಿರುವವರು ದೂರದಿಂದಲೇ ಎಮ್ಮೆ ಯಾರ ಮನೆಯದೆಂದು ಹೇಳುತ್ತಾರಲ್ಲ, ಹಾಗೆ ನಾವು ವಿಮಾನವನ್ನು ಬಾಲ ನೋಡಿ ಗುರುತು ಹಿಡಿಯುತ್ತಿದ್ದ ಕಾಲ ಅದು. ಗೋವಾದ ಝುವಾರಿನಗರಕ್ಕೆ ದುಡಿಯಲು ಬಂದ ನಮ್ಮ ಮಂದಿಯ ಮಕ್ಕಳಿಗೆ ಎಮ್ಮೆಗಿಂತ ವಿಮಾನದ ಪರಿಚಯವೇ ಹೆಚ್ಚು. ದಾಬೋಳಿ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ನಮ್ಮ ತಗಡಿನ ಮನೆಗಳ ನೆತ್ತಿಯ ಮೇಲೆಯೇ ಹಾದುಹೋಗುತ್ತಿದ್ದವು. ಸದ್ದು ಕೇಳಿದರೆ ಸಾಕು, ಕೈಯಲ್ಲಿನ ರೊಟ್ಟಿ ಕೈಯಲ್ಲೇ ಹಿಡಿದು ಎಲ್ಲರೂ ಹೊರಗೆ ಓಡುತ್ತಿದ್ದೆವು. "ಅರಿಶಿಣ ಬಾಲ!" ಎಂದು ಒಬ್ಬ ಕೂಗಿದರೆ, "ಅಲ್ಲಲೇ, ಕೆಂಪಂಚು!" ಎಂದು ಇನ್ನೊಬ್ಬ. ಕಂಪನಿಗಳ ಹೆಸರು ಓದಲು ನಮಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೊದಲು ಸರಿಯಾಗಿ ಹೇಳಿದವರಿಗೆ ಉಳಿದವರು ಹುಣಸೆ ಬೀಜ ಕೊಡಬೇಕು. ಪಕ್ಕದ ಮನೆಯ ಬಸ್ಯಾನ ಚಡ್ಡಿ ಜೇಬು ಸದಾ ಹುಣಸೆ ಬೀಜದಿಂದ ಉಬ್ಬಿಕೊಂಡೇ ಇರುತ್ತಿತ್ತು.

ಒಂದು ವಿಮಾನಕ್ಕೆ ಮಾತ್ರ ಪಂದ್ಯ ಇರಲಿಲ್ಲ. ಗಿಣಿಹಸಿರು ಬಾಲ, ಅದರ ಮೇಲೆ ರೆಕ್ಕೆ ಬಿಚ್ಚಿದ ಬಿಳಿ ಹಕ್ಕಿ. ಅದು ನಮ್ಮ ಬೆಳ್ಳಕ್ಕಿ. ಅಪ್ಪ ಆ ಕಂಪನಿಯಲ್ಲಿ ಲೋಡರ್ ಆಗಿದ್ದ. ಪ್ರಯಾಣಿಕರ ಸೂಟ್‌ಕೇಸುಗಳನ್ನು ವಿಮಾನದ ಹೊಟ್ಟೆಗೆ ತುಂಬುವುದು, ಬಂದದ್ದನ್ನು ಇಳಿಸುವುದು ಅವನ ಕೆಲಸ. ಸಂಜೆ ಮನೆಗೆ ಬಂದಾಗ ಅವನ ಅಂಗಿ ವಿಮಾನದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ನನಗೆ ಅದು ಅತ್ತರಿಗಿಂತ ಹೆಚ್ಚು. ಊಟಕ್ಕೆ ಕೂತರೆ ಅಪ್ಪ ವಿಮಾನದ ಒಳಗಿನ ವರ್ಣನೆ ಶುರು ಮಾಡುತ್ತಿದ್ದ. ಬಾಗಿಲಲ್ಲಿ ಹಸಿರು ರೇಷ್ಮೆ ಸೀರೆಯ ಹುಡುಗಿ ಕೈ ಮುಗಿದು ನಿಂತಿರುತ್ತಾಳೆ. ತಟ್ಟೆಯಲ್ಲಿ ಚಾಕಲೇಟು ತರುತ್ತಾಳೆ, ಕಿವಿಗಿಟ್ಟುಕೊಳ್ಳಲು ಹತ್ತಿ ಕೊಡುತ್ತಾಳೆ. ಊಟಕ್ಕೆ ನಿಜವಾದ ಸ್ಟೀಲ್ ಚಮಚ. ಮದುವೆಗೆ ಹೋದಂತೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಬರುತ್ತಿದ್ದರಂತೆ ಜನ.

"ನೀ ಒಳಗ ಕೂತೀಯೇನಪ್ಪಾ?" ಎಂದು ನಾನು ಕೇಳಿದರೆ ಅಪ್ಪ ರೊಟ್ಟಿ ಮುರಿಯುತ್ತ, "ನಂದೇನಿದ್ರೂ ಹೊಟ್ಟಿ ಖಾತೆ ರೇಣಿ. ತಲಿ ಕಡೆ ನಮಗ ಬಿಡೂದಿಲ್ಲ" ಎನ್ನುತ್ತಿದ್ದ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸುದ್ದಿ ಬಂತು, ಕಂಪನಿ ಮುಚ್ಚುತ್ತದಂತೆ. ಅಪ್ಪನಿಗೆ ಬಂದರಿನಲ್ಲಿ ಬೇರೆ ಕೆಲಸ ಸಿಗುವ ಮಾತಿತ್ತು, ಅದರ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಸ್ಟಾಫ್ ಪಾಸಿನದು. ಕೆಲಸಗಾರರ ಮನೆಯವರು ವರ್ಷಕ್ಕೊಮ್ಮೆ ಪುಕ್ಕಟೆ ಹೋಗಿಬರಬಹುದು ಎಂಬ ಆ ಪಾಸನ್ನು ಅಪ್ಪ ಇಷ್ಟು ವರ್ಷ ಬಳಸಿಯೇ ಇರಲಿಲ್ಲ, "ಮುಂದಿನ ಸಲ ನೋಡೂಣು" ಎಂದು ತಳ್ಳುತ್ತಲೇ ಬಂದಿದ್ದ. ಈಗ ಮುಂದಿನ ಸಲವೇ ಇರಲಿಲ್ಲ.

"ನೀವಿಬ್ರೂ ಬೆಂಗಳೂರಿಗೆ ಹೋಗಿ ಬರ್ರಿ" ಎಂದ ಅಪ್ಪ, ನನಗೂ ಅವ್ವನಿಗೂ. "ಮುಂಜಾನೆ ಹೋಗೂದು, ಸಂಜಿಗೆ ಅದೇ ಇಮಾನದಾಗ ವಾಪಸ್ ಬರೂದು."

"ಬೆಂಗಳೂರಾಗ ಏನ್ ಕೆಲಸ ಐತ್ರಿ ನಮಗ?"

"ಏನೂ ಇಲ್ಲ. ಕೂತು ಬರೂದು."

ಪಾಸಿಗೆ ಎರಡು ಷರತ್ತು. ಒಂದು, ಸೀಟು ಖಾಲಿ ಉಳಿದರೆ ಮಾತ್ರ ಜಾಗ. ಎರಡು, ಕಂಪನಿಯ ಮರ್ಯಾದೆಗೆ ತಕ್ಕ ಹಾಗೆ ಬಟ್ಟೆ ಹಾಕಿಕೊಂಡು ಬರಬೇಕು. ಹವಾಯಿ ಚಪ್ಪಲಿ ನಡೆಯದು. ವಾಸ್ಕೋ ಪೇಟೆಯಿಂದ ನನಗೆ ಬೂಟು ಬಂತು, ಅದರ ಜೊತೆ ಹಾಲುಬಿಳಿ ಬಣ್ಣದ ಫ್ರಾಕು. ಝುವಾರಿನಗರದ ಕೆಂಪು ಮಣ್ಣಿನಲ್ಲಿ ಬಿಳಿ ಫ್ರಾಕು! "ಇದಕ್ಕ ಮಣ್ಣ ಹತ್ತಿದ್ರ ನಿನ್ನ ಚರ್ಮ ಸುಲೀತೀನಿ ನೋಡು" ಎಂದು ಅವ್ವ ಮೊದಲೇ ತಾಕೀತು ಮಾಡಿದಳು. ಅವಳು ಹೇಳಿದರೆ ಮಾಡುವವಳೇ.

ಹೊರಡುವ ದಿನ ಓಣಿಯೆಲ್ಲ ನಮ್ಮ ಮನೆಯಲ್ಲಿ. ಬಸ್ಯಾನ ಅಜ್ಜಿ ಮಲ್ಲವ್ವಾಯಿ ಅವ್ವನನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದಳು. ತವರಿಗೆ ಹೋಗುವ ಮಗಳಿಗೆ ತುಂಬಿದ ಹಾಗೆ. ಎಲ್ಲರೂ ಬಸ್ಸಿಗೆ ಕಳಿಸಿದರು. ನಾವು ನಿಲ್ದಾಣದಲ್ಲಿ ಕಾದೆವು. ವಿಮಾನ ಭರ್ತಿ. ಬೂಟಿನಿಂದ ಹಿಮ್ಮಡಿ ಸುಲಿಸಿಕೊಂಡು ಮಧ್ಯಾಹ್ನಕ್ಕೆ ಮನೆಗೆ ಬಂದೆವು.

ಮಲ್ಲವ್ವಾಯಿ ನಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. "ಉಡಿ ತುಂಬಿಸ್ಕೊಂಡು ಹೊಂಟವ್ರು ಹಂಗ ಗಂಟು ಸಮೇತ ಒಳಗ ಬರಬಾರ್ದು. ಪ್ರಸ್ಥಾನ ಇಡ್ರಿ."

ಹೊರಟ ಪ್ರಯಾಣ ತಡವಾದರೆ ಗಂಟನ್ನಾದರೂ ಬೇರೆ ಮನೆಯಲ್ಲಿಟ್ಟು, ಪ್ರಯಾಣ ಶುರುವಾಗಿದೆ ಎಂದು ಲೆಕ್ಕ ಹಿಡಿಯುವ ಪದ್ಧತಿ ಅದು. ಹಾಗೆ ನಮ್ಮ ಕೈಚೀಲ ಮಲ್ಲವ್ವಾಯಿಯ ಮನೆಯ ದೇವರ ಮಾಡದ ಕೆಳಗೆ ಕೂತಿತು. ಓಣಿಯ ದೃಷ್ಟಿಯಲ್ಲಿ ನಾವಿಬ್ಬರೂ ಆಗಲೇ ವಿಮಾನದಲ್ಲಿದ್ದೆವು. ನಳದ ಹತ್ತಿರ ಕೊಡ ಹಿಡಿದು ನಿಂತ ಅವ್ವನನ್ನು ಹೆಂಗಸರು, "ಏನವಾ, ಎಲ್ಲಿತನಕ ಬಂತ ನಿನ್ನ ಇಮಾನ?" ಎಂದು ಕಾಡುತ್ತಿದ್ದರು. ಅವ್ವ ಗಂಭೀರವಾಗಿ, "ಈಗ ಮೊಲೆಂ ಘಾಟ ದಾಟೇತಿ" ಎನ್ನುತ್ತಿದ್ದಳು.

ಕಂಪನಿಯ ಕೊನೆಯ ವಾರ ಮತ್ತೆ ಹೋದೆವು. ಈ ಸಲ ಮಲ್ಲವ್ವಾಯಿ, ಬಸ್ಯಾ ಇಬ್ಬರೂ ಪ್ರಸ್ಥಾನದ ಕೈಚೀಲ ಹಿಡಿದು ಜೊತೆಗೆ ಬಂದರು. ಕೌಂಟರಿನ ಹುಡುಗಿ ಕೊನೇ ಗಳಿಗೆಯವರೆಗೆ ಕಾಯಿಸಿ, ಓಡುತ್ತ ಬಂದು ಒಂದು ಬೆರಳು ಎತ್ತಿ ತೋರಿಸಿದಳು. ಒಂದೇ ಸೀಟು.

ಅವ್ವ ತಕ್ಷಣ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ತಳ್ಳಿದಳು. ಮಕ್ಕಳನ್ನು ಒಬ್ಬರನ್ನೇ ಕಳಿಸುವಂತಿಲ್ಲ ಎಂದಳು ಆ ಹುಡುಗಿ. "ಹಂಗಾರ ಬ್ಯಾಡ ಬಿಡ್ರಿ. ಆಕಿ ಬಿಟ್ಟು ನಾ ಹೋಗೂದಿಲ್ಲ" ಎಂದು ಅವ್ವ ಸೆರಗು ಕಟ್ಟಿ ಮನೆ ಕಡೆ ಹೊರಟೇಬಿಟ್ಟಳು. ನಾನೋ, ಬಾಯಿ ತೆರೆದರೆ ಅಳು ಬರುತ್ತದೆಂದು ತುಟಿ ಕಚ್ಚಿಕೊಂಡು ನಿಂತಿದ್ದೆ.

ಅಷ್ಟರಲ್ಲಿ ಅಪ್ಪ ಬಂದ. ವಿಷಯ ತಿಳಿದು ಅವ್ವನ ಎದುರು ನಿಂತ. ಅವನು ಅವಳನ್ನು ಹಾಗೆ ಕೇಳಿಕೊಂಡದ್ದನ್ನು ನಾನು ಮೊದಲು ನೋಡಿರಲಿಲ್ಲ. "ಇಷ್ಟ್ ವರ್ಷ ಮಂದಿ ಗಂಟು ಹೇರೇನಿ. ಈ ಬೆಳ್ಳಕ್ಕಿ ಹೋಗೂದ್ರಾಗ ನಮ್ಮನಿ ಗಂಟು ಒಂದು ಸಲ ಹೇರ್ತೀನಿ. ನಮ್ಮ ಮನಷ್ಯಾ ಒಬ್ಬರರ ಮ್ಯಾಲೆ ಕೂತಿರಬೇಕು. ಹೋಗ."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ, "ರೇಣಿ, ಸಂಜಿಗೆ ಇಮಾನ ನಮ್ಮ ಬಯಲಿನ ಮ್ಯಾಲೆ ಹಾಸಿ ಇಳೀತೈತಿ. ಅಲ್ಲಿ ನಮ್ಮ ಕೌದಿ ಹಾಸಿ ನಿಂದ್ರು. ನಾ ಮ್ಯಾಲಿಂದ ನಿನ್ನ ನೋಡ್ತೀನಿ. ನಿನ್ನಾಣಿ" ಎಂದಳು.

ನನ್ನ ಅಳು ಅಲ್ಲೇ ನಿಂತುಹೋಯಿತು. ಬೇಲಿಯ ಆಚೆಯಿಂದ ನೋಡಿದೆವು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ಸಾಹೇಬರ ಸಾಲಿನ ನಡುವೆ ಅವ್ವ ನಡೆದುಹೋದಳು. ಏಣಿಯ ಬುಡದಲ್ಲಿ ನಿಂತು, ಬಗ್ಗಿ, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿದ್ದ ಕೋಟಿನವರೆಲ್ಲ ಸುಮ್ಮನೆ ಕಾದರು. ಮೇಲೆ ಬಾಗಿಲಲ್ಲಿದ್ದ ಹಸಿರು ಸೀರೆಯ ಹುಡುಗಿ ಕೈ ಮುಗಿದಳು, ಅವ್ವನೂ ಮುಗಿದಳು. ಕೆಳಗೆ ಅಪ್ಪ, ಎಲ್ಲ ಸೂಟ್‌ಕೇಸು ಹೇರಿ ಆದಮೇಲೆ, ಪ್ರಸ್ಥಾನದ ಕೈಚೀಲವನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟ. ಬಸ್ಯಾ ಶಿಳ್ಳೆ ಹಾಕಿದ. ಬೆಳ್ಳಕ್ಕಿ ಓಡಿ, ಸಮುದ್ರದ ಕಡೆ ಹಾರಿ, ಚುಕ್ಕೆಯಾಯಿತು.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಓಣಿಗೆ ಸುದ್ದಿ ಹಬ್ಬಿತ್ತು. "ಒಂದು ಕೌದಿ ಆಕಿಗೆ ಹೆಂಗ ಕಾಣತೈತಿ? ಎಲ್ಲಾರ ಮನೀದೂ ತರ್ರಿ" ಎಂದು ಮಲ್ಲವ್ವಾಯಿ ಅಪ್ಪಣೆ ಹೊರಡಿಸಿದಳು. ಹಳೇ ಸೀರೆ, ಧೋತ್ರ, ಕುಪ್ಪಸದ ತುಂಡು ಜೋಡಿಸಿ ಹೊಲಿದ ಕೌದಿಗಳು ನಮ್ಮ ಮಂದಿಯ ಪ್ರತಿ ಮನೆಯಲ್ಲೂ ಇದ್ದವು. ಊರಿಂದ ಬರುವಾಗ ಪಾತ್ರೆ ಬಿಟ್ಟು ಬಂದವರುಂಟು, ಕೌದಿ ಬಿಟ್ಟು ಬಂದವರಿಲ್ಲ. ಹೆಂಗಸರು, ಮಕ್ಕಳು ಎಲ್ಲ ಹೊತ್ತುಕೊಂಡು ಮನೆಗಳ ಹಿಂದಿನ ಕೆಂಪು ಕಲ್ಲಿನ ಬಯಲಿಗೆ ಹೋದೆವು. ಒಂದರ ಪಕ್ಕ ಒಂದು ಹಾಸಿ, ಮೂಲೆಗೆ ಕಲ್ಲು ಇಟ್ಟೆವು. ಬಯಲು ಬಯಲೇ ಬಣ್ಣವಾಯಿತು. ದುಡಿದು ಬಂದ ಗಂಡಸರು ನಗುತ್ತ ನಿಂತರು, ಆಮೇಲೆ ತಾವೂ ಕಲ್ಲು ಹುಡುಕತೊಡಗಿದರು.

ಒಂದೇ ಭಯ. ವಾಪಸ್ ವಿಮಾನದಲ್ಲಿ ಅವ್ವನಿಗೆ ಸೀಟು ಸಿಕ್ಕಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಪೂರ್ವದಲ್ಲಿ ಗುಂಯ್ ಎಂದಿತು. ಬಸ್ಯಾ ಒಂದು ಬಂಡೆ ಹತ್ತಿ, ಹಣೆಗೆ ಕೈ ಹಚ್ಚಿ, "ಬೆಳ್ಳಕ್ಕಿ! ಬೆಳ್ಳಕ್ಕಿ ಬರಾಕತ್ತೈತಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಅದೇ ಗಳಿಗೆಗೆ ಸಮುದ್ರದ ಗಾಳಿ ಬೀಸಿತು. ನಮ್ಮ ಕೌದಿಗೆ ಮಾತ್ರ ಕಲ್ಲು ಸಾಲದೆ ಹೋಗಿತ್ತು. ಅದು ಅಂಚು ಎತ್ತಿ ಮಡಚಿಕೊಳ್ಳತೊಡಗಿತು. ಒಂದು ಮೂಲೆ ಹಿಡಿದರೆ ಇನ್ನೊಂದು ಏಳುತ್ತಿತ್ತು. ಕಲ್ಲು ಹುಡುಕಲು ವೇಳೆ ಎಲ್ಲಿತ್ತು? ಬಿಳಿ ಫ್ರಾಕು, ಬೂಟು, ಚರ್ಮ ಎಲ್ಲ ಮರೆತು ನಾನು ಕೌದಿಯ ನಡುವೆ ಬಿದ್ದುಕೊಂಡು, ಕೈಕಾಲು ನಾಲ್ಕೂ ದಿಕ್ಕಿಗೆ ಚಾಚಿ, ಆಕಾಶ ನೋಡುತ್ತ ಮಲಗಿಬಿಟ್ಟೆ. ಎಲ್ಲರ ಕಣ್ಣೂ ಮೇಲಿತ್ತು, ನನ್ನನ್ನು ಯಾರೂ ಗಮನಿಸಲಿಲ್ಲ. ವಿಮಾನದ ಹೊಟ್ಟೆ ನನ್ನ ಮೇಲೆಯೇ ಹೋಯಿತು. ನೆಲ ನಡುಗಿತು. "ಅವ್ವಾ!" ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ.

ಎದ್ದು ನೋಡಿದರೆ ಫ್ರಾಕಿನ ಅಂಚಿಗೆ, ತೋಳಿಗೆ ಕೆಂಪು ಮಣ್ಣು. ಓಡಿ ಮನೆಗೆ ಹೋಗಿ, ಫ್ರಾಕು ಬದಲಿಸಿ, ಅದನ್ನು ಒಗೆಯುವ ಬುಟ್ಟಿಯ ತಳಕ್ಕೆ ತುರುಕಿದೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ಬಂದರು. ಸೀಟು ಸಿಕ್ಕಿತ್ತು! ಓಣಿ ಅವಳನ್ನು ಮುತ್ತಿಕೊಂಡಿತು. ಅವ್ವ ಉಡಿ ಬಿಚ್ಚಿ ಚಾಕಲೇಟು ಹಂಚಿದಳು. ಕಿವಿಗೆ ಕೊಟ್ಟ ಹತ್ತಿಯನ್ನು ಮಲ್ಲವ್ವಾಯಿ ಇಸಿದುಕೊಂಡು, ಬತ್ತಿ ಹೊಸೆದು ದೇವರ ದೀಪಕ್ಕೆ ಹಾಕಿದಳು. ಹಸಿರು ಸೀರೆಯ ಹುಡುಗಿ ಅವ್ವ ಸೆರಗಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಇನ್ನೊಂದು ಕೇಳಿದಳಂತೆ. ಏರುವಾಗ ಅವ್ವ ಕಣ್ಣು ಮುಚ್ಚಿಕೊಂಡು ಪಕ್ಕದವನ ತೋಳು ಹಿಡಿದಿದ್ದಳಂತೆ. ಮೋಡ ಕೆಳಗೆ ಇತ್ತಂತೆ. ಎಲ್ಲವನ್ನೂ ಕೈಬಾಯಿ ಆಡಿಸಿ ಹೇಳಿದಳು.

"ಕೌದಿ ಕಂಡ್ವಾ?" ಎಂದೆ.

"ಕಂಡ್ವು. ಎಲ್ಲಾ ಕಂಡ್ವು" ಎಂದಳು ಅವ್ವ, ಅಷ್ಟೇ.

"ಇಳಿಯೂ ಮುಂದೂ ಕಣ್ಣ ಮುಚ್ಚಿರ್ತಾಳ ಬಿಡು" ಎಂದು ಬಸ್ಯಾ ಕಿವಿಯಲ್ಲಿ ಉಸುರಿದ. ನನಗೂ ಹಾಗೇ ಅನ್ನಿಸಿತು. ನಿಜವಾಗಿ ಕಂಡಿದ್ದರೆ ಬಿಳಿ ಫ್ರಾಕಿನಲ್ಲಿ ಉರುಳಾಡಿದ ಮಗಳಿಗೆ ಬೈಯದೆ ಬಿಡುವ ಹೆಂಗಸೇ ಅವಳು? ಅವ್ವ ಬೈಯಲೇ ಇಲ್ಲ. ಆದ್ದರಿಂದ ಅವಳು ನೋಡಿರಲಿಲ್ಲ, ನನ್ನ ಸಮಾಧಾನಕ್ಕೆ ಹೇಳಿದ್ದಳು. ಎಷ್ಟೋ ವರ್ಷ ಆ ಸಣ್ಣ ಮುಳ್ಳು ನನ್ನೊಳಗೆ ಇತ್ತು.

ಬೆಳ್ಳಕ್ಕಿ ಮುಚ್ಚಿತು. ಅಪ್ಪ ಮುರ್ಮುಗಾಂವ್ ಬಂದರಿಗೆ ಹೋದ. ಆಮೇಲೆ ಅರಿಶಿಣ ಬಾಲವೂ ಹೋಯಿತು, ಕೆಂಪಂಚೂ ಹೋಯಿತು. ಈಗ ನಾನು ವಿಮಾನ ಹತ್ತುತ್ತೇನೆ, ಇಳಿಯುತ್ತೇನೆ. ಸುತ್ತ ಬರ್ಮುಡಾ ಚಡ್ಡಿ ಹಾಕಿದವರು, ಹವಾಯಿ ಚಪ್ಪಲಿಯವರು, ನಿದ್ದೆಗಣ್ಣಿನವರು. ಅದೇನೂ ತಪ್ಪಲ್ಲ, ಎಲ್ಲರಿಗೂ ವಿಮಾನ ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ಯಾರನ್ನೂ ಯಾರೂ ಉಡಿ ತುಂಬಿ ಕಳಿಸುವುದಿಲ್ಲ.

ಮೊನ್ನೆ ಬೆಂಗಳೂರಲ್ಲಿ ನೆಂಟರ ಮನೆ ಗೃಹಪ್ರವೇಶ ಮುಗಿಸಿ ಅಪ್ಪ, ಅವ್ವ, ನಾನು ಮೂವರೂ ವಿಮಾನದಲ್ಲಿ ಬಂದೆವು. ಅಪ್ಪನಿಗೆ ಅದೇ ಮೊದಲನೆಯದು. ಅವನು ಹತ್ತುವ ಮೊದಲು ನಿಂತು, ಕೆಳಗೆ ಚೀಲ ಹೇರುತ್ತಿದ್ದ ಹುಡುಗರನ್ನೇ ನೋಡಿದ. ಅವ್ವನಿಗೆ ಕಿಟಕಿ ಕೊಟ್ಟೆ. "ಚಾಕಲೇಟ ತರೂದಿಲ್ಲೇನ ಇವ್ರು?" ಎಂದು ಎರಡು ಸಲ ಕೇಳಿದಳು. ದಾಬೋಳಿ ಹತ್ತಿರ ಬಂದಾಗ ಗಾಜಿಗೆ ಹಣೆ ಹಚ್ಚಿ, ಕಣ್ಣು ಅಗಲಿಸಿ ನೋಡತೊಡಗಿದಳು. ಕೆಳಗೆ ಸ್ಲ್ಯಾಬಿನ ಮನೆಗಳು, ಕರೀ ನೀರಿನ ಟ್ಯಾಂಕುಗಳು. ನಮ್ಮ ಬಯಲೂ ತುಂಬಿಹೋಗಿದೆ.

"ಯಾರೂ ಹಾಸಿಲ್ಲ" ಎಂದಳು ಅವ್ವ.

ನನಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವಳ ಕಡೆ ತಿರುಗಿದೆ. "ಆವತ್ತ ಖರೇ ಕಂಡಿತ್ತೇನ ನಿನಗ?"

"ಕಾಣದ ಏನ! ಎಲ್ಲಾರ ಕೌದಿ ಮ್ಯಾಲೆ ಕಲ್ಲಿದ್ವು, ನಮ್ಮ ಕೌದಿ ಮ್ಯಾಲೆ ನೀ ಇದ್ದಿ. ಬಿಳಿ ಫ್ರಾಕಿನ್ಯಾಗ."

"ಮತ್ತ ಬೈಲಿಲ್ಲಲ್ಲ ನೀ?"

ಅವ್ವ ಗಾಜಿನಿಂದ ಮುಖ ತೆಗೆಯಲಿಲ್ಲ. "ಬೈಬೇಕಂತನ ಮನಿಗೆ ಬಂದೆ. ಆದ್ರ ಆಕಾಶದಿಂದ ನಿನ್ನ ನೋಡಿ ಬಂದಿದ್ನಲ್ಲ, ಬೈಯಾಕ ಬಾಯಿ ಬರಲಿಲ್ಲ."